ಹೆಸರಿಲ್ಲದ ರೋಗಿಯ ಪಾಲು

ತ್ಯಾವಣಿಗೆಯ ಕಡೆ ಯಾರಿಗಾದರೂ ಎದೆನೋವು ಬಂದರೆ ದಾವಣಗೆರೆಗೆ ಓಡಬೇಕು. ಹಾಗೆ ಓಡಿದ ಎಷ್ಟೋ ಮನೆಯವರು ತೋಟವನ್ನೋ ಗದ್ದೆಯನ್ನೋ ಅಡವಿಟ್ಟು ಬಿಲ್ ಕಟ್ಟಿದ್ದುಂಟು. 2003ರಲ್ಲಿ ಯಶಸ್ವಿನಿ ಯೋಜನೆ ಬಂದಾಗ ಸಹಕಾರ ಸಂಘದ ಸದಸ್ಯರಿಗೆ ವರ್ಷಕ್ಕೆ 60 ರೂಪಾಯಿ ಕಟ್ಟಿ ಆಪರೇಷನ್ ಮಾಡಿಸಿಕೊಳ್ಳುವ ದಾರಿ ಸಿಕ್ಕಿತು. 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆಯ ಭರವಸೆ ಕೊಟ್ಟಿತು. ಇದೆಲ್ಲ ಖಾಸಗಿ ಆಸ್ಪತ್ರೆಗಳಿಗೆ ದುಡ್ಡು ಸುರಿಯುವ ಹುನ್ನಾರ ಎಂದು ಜರಿಯುವವರ ಮಾತನ್ನು ನಾನು ಒಪ್ಪಲಾರೆ. ಜಮೀನು ಕೈಬಿಡದೆ ಉಳಿದ ಮನೆಯವರಿಗೆ ಈ ಯೋಜನೆಗಳ ಬೆಲೆ ಗೊತ್ತು.

ಆದರೆ ಈ ಭರವಸೆಯೆಲ್ಲ ರೋಗಿ ಆಸ್ಪತ್ರೆಗೆ ದಾಖಲಾದ ಮೇಲಿನದು. ಬಿಪಿಗೆ, ಸಕ್ಕರೆ ಕಾಯಿಲೆಗೆ ದಿನಾ ನುಂಗುವ ಮಾತ್ರೆ, ಬಸ್ ಚಾರ್ಜು, ಪರೀಕ್ಷೆಗೆಂದು ಹೋದ ದಿನ ತಪ್ಪಿದ ಕೂಲಿ ಈ ಯೋಜನೆಗಳ ಲೆಕ್ಕಕ್ಕೆ ಬರುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ, ನಿಜ. ಅಲ್ಲಿ ಸ್ಟಾಕ್ ಮುಗಿದ ತಿಂಗಳು ಅಡಿಕೆ ಸುಲಿಯಲು ಹೋಗುವ ಹೆಂಗಸು ಮೆಡಿಕಲ್ ಶಾಪಿಗೆ ಹೋಗುವುದಿಲ್ಲ, ಮಾತ್ರೆಯನ್ನೇ ಬಿಡುತ್ತಾಳೆ. ವರ್ಷಗಟ್ಟಲೆ ಹೀಗೇ ನಡೆದರೆ ಕಿಡ್ನಿ ಕೆಡಬಹುದು. ಆಗ ಡಯಾಲಿಸಿಸ್‌ಗೆ ಸರ್ಕಾರದ ಹಣ ಬರುತ್ತದೆ, ವಾರಕ್ಕೆ ಎರಡು ಮೂರು ಸಲ, ಅವಳ ಜೀವ ಇರುವವರೆಗೂ. ತಡೆಯಬಹುದಾಗಿದ್ದ ಕಾಯಿಲೆ ಬಲಿತ ಮೇಲೆಯೇ ಬೊಕ್ಕಸದ ಬಾಗಿಲು ತೆರೆಯುವ ಈ ಏರ್ಪಾಡು ಅನ್ಯಾಯದ್ದು.

ಇದಕ್ಕೆ ಕಾರಣ ದುಡ್ಡಿನ ಕೊರತೆಯೊಂದೇ ಅಲ್ಲ. ಬೈಪಾಸ್ ಆಗಿ ಮನೆಗೆ ಮರಳಿದವನಿಗೆ ಹೆಸರಿದೆ, ಮುಖವಿದೆ, ಕೃತಜ್ಞರಾದ ಮಕ್ಕಳಿದ್ದಾರೆ. ಮಾತ್ರೆ ತಪ್ಪಿಸದ ಕಾರಣ ಲಕ್ವ ಹೊಡೆಯದೇ ಉಳಿದವಳಿಗೆ ತಾನು ಉಳಿದೆನೆಂಬುದೇ ತಿಳಿಯದು. ನಮ್ಮ ಕರುಣೆ ಕಣ್ಣಿಗೆ ಬಿದ್ದವರ ಕಡೆಗೇ ಹರಿಯುತ್ತದೆ, ಓಟು ಕೂಡ. ಹೀಗಾಗಬಾರದೆಂಬ ಮಾತು ಹೊಸದೇನಲ್ಲ. 1946ರಲ್ಲೇ ದೇಶದ ಆರೋಗ್ಯ ವ್ಯವಸ್ಥೆಯ ಬಗ್ಗೆ ವರದಿ ಕೊಟ್ಟ ಭೋರ್ ಸಮಿತಿ ಚಿಕಿತ್ಸೆ ಜನರ ಮನೆಯ ಹತ್ತಿರವೇ ಇರಬೇಕೆಂದಿತ್ತು. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರ ಹೊತ್ತಿಗೆ ಸರ್ಕಾರದ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ 2.5ಕ್ಕೆ ಏರಿಸಿ, ಅದರಲ್ಲಿ ಮೂರನೇ ಎರಡು ಪಾಲನ್ನಾದರೂ ಪ್ರಾಥಮಿಕ ಆರೋಗ್ಯಕ್ಕೆ ಇಡುವುದಾಗಿ ಹೇಳಿತು. ಆ ಮಟ್ಟ ಮುಟ್ಟಲೇ ಇಲ್ಲ.

ದೊಡ್ಡಾಸ್ಪತ್ರೆಯ ಚಿಕಿತ್ಸೆ, ಊರಿನ ಪ್ರಾಥಮಿಕ ಆರೋಗ್ಯ ಎರಡೂ ಬೇಕು ಎನ್ನುವುದು ಸುಲಭ. ಹಣ ಸೀಮಿತವಾಗಿರುವಾಗ ಮುಂದೆ ಏರುವ ಬಜೆಟ್ಟಿನ ಮೊದಲ ಪಾಲು ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧಿಗೆ, ನರ್ಸಿಗೆ, ಆಶಾ ಕಾರ್ಯಕರ್ತೆಯ ಗೌರವಧನಕ್ಕೆ ಹೋಗಲಿ ಎಂಬುದು ನನ್ನ ವಾದ. ಇದರಿಂದ ನೋವು ತಿನ್ನುವವರೂ ಇರುತ್ತಾರೆ. ಎಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಸರ್ಕಾರ ಕೊಡುವುದು ನಿಗದಿತ ದರದ ಶೇ 30 ಮಾತ್ರ. ಒಂದೆರಡು ಎಕರೆ ತೋಟದ ರೈತ ಅದು ಹೆಚ್ಚಲಿ ಎಂದು ಕೇಳುವುದು ನ್ಯಾಯವೇ. ನನ್ನ ವಾದದಂತೆ ನಡೆದರೆ ಅವನು ಇನ್ನೂ ಕೆಲವು ವರ್ಷ ಕಾಯಬೇಕಾದೀತು. ಎದೆನೋವು, ಅಪಘಾತದಂಥ ತುರ್ತಿಗೆ ಕೊಡುವುದರಲ್ಲಿ ಒಂದು ಪೈಸೆಯನ್ನೂ ಕಡಿಮೆ ಮಾಡಬಾರದು. ಮಂಡಿ ಬದಲಿಸುವಂಥ, ಮುಂದಕ್ಕೆ ಹಾಕಬಹುದಾದ ಆಪರೇಷನ್ನುಗಳಿಗೆ ಸರದಿ ಬೇಕಾಗುತ್ತದೆ. ಯಾರ ಸರದಿ ಯಾವಾಗ, ಯಾಕೆ ತಡ ಎಂಬುದನ್ನು ಸರ್ಕಾರ ಗ್ರಾಮಸಭೆಯಲ್ಲಿ ಎಲ್ಲರೆದುರು ಹೇಳಲಿ. ಇಷ್ಟು ವರ್ಷ ಸರದಿಯ ಲೆಕ್ಕಕ್ಕೂ ಸಿಗದೆ ಕಾಯುತ್ತ ಬಂದವಳು ಮಾತ್ರೆ ಬಿಟ್ಟ ಆ ಕೂಲಿ ಹೆಂಗಸು.