ಮೋಡ ಕವಿದಾಗ ಪ್ರಮಾಣವೇ ಗತಿ



ಚಾತುರ್ಮಾಸ್ಯವು ಯತಿಗಳು ಸಂಚಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುವ ಮಳೆಗಾಲ. ಈ ಕಾಲದಲ್ಲಿ ಆಕಾಶಸಂಚಾರವೂ ಎಷ್ಟು ಕಠಿನವೆಂಬುದನ್ನು ನಮ್ಮ ಹೈದರಾಬಾದು ಕಂಡಿದೆ. 2009ರ ಸೆಪ್ಟೆಂಬರ್ 2ರಂದು ಬೇಗಂಪೇಟೆಯಿಂದ ಹೊರಟ ಹೆಲಿಕಾಪ್ಟರು ನಲ್ಲಮಲ ಅರಣ್ಯದ ಮೇಲೆ ಮಳೆಮೋಡಗಳಿಗೆ ಸಿಲುಕಿ, ಅಂದಿನ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿಯವರೂ ಜೊತೆಗಿದ್ದ ನಾಲ್ವರೂ ಅಸುನೀಗಿದರು. ಆ ದುರಂತದ ಕಾರಣಗಳ ವಿಚಾರಣೆ ನಮ್ಮ ಕಾರ್ಯವಲ್ಲ. ಆದರೆ ಮೋಡವನ್ನು ಹೊಕ್ಕ ವೈಮಾನಿಕನ ಸ್ಥಿತಿಯನ್ನು ಆಲೋಚಿಸಿದರೆ ನಮಗೊಂದು ತತ್ತ್ವವು ಮನದಟ್ಟಾಗುತ್ತದೆ.

ಸಣ್ಣ ವಿಮಾನವು ದಟ್ಟ ಮೋಡದೊಳಗೆ ಸೇರಿದೊಡನೆ ಭೂಮಿಯೂ ದಿಗಂತವೂ ಮರೆಯಾಗುತ್ತವೆ. ಕಿವಿಯೊಳಗಿನ ದ್ರವವು ಸಮತೋಲವನ್ನು ತಿಳಿಸಬೇಕು. ವಿಮಾನವು ಮೆಲ್ಲನೆ ಒಂದು ಪಕ್ಕಕ್ಕೆ ವಾಲಿ ತಿರುಗುತ್ತಿದ್ದರೆ ಆ ದ್ರವವು ಸ್ವಲ್ಪ ಹೊತ್ತಿನಲ್ಲಿ ಸ್ತಿಮಿತವಾಗುತ್ತದೆ. ತಾನು ನೇರವಾಗಿಯೇ ಹೋಗುತ್ತಿರುವೆನೆಂದು ವೈಮಾನಿಕನು ನಂಬುತ್ತಾನೆ. ವಿಮಾನವನ್ನು ನಿಜವಾಗಿ ನೇರಗೊಳಿಸಿದರೆ ಇನ್ನೊಂದು ಪಕ್ಕಕ್ಕೆ ಉರುಳುತ್ತಿರುವಂತೆ ಅವನಿಗೆ ತೋರುತ್ತದೆ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಉಪಕರಣಗಳ ಅಭ್ಯಾಸವಿಲ್ಲದ 20 ಮಂದಿಯನ್ನು, ಹೊರಗಿನದೇನೂ ಕಾಣದಂತೆ ಮಾಡಿ ಪರೀಕ್ಷಿಸಿದರು. ಎಲ್ಲರೂ ಹತೋಟಿ ತಪ್ಪಿದರು. ಅದಕ್ಕೆ ಹಿಡಿದ ಸರಾಸರಿ ಕಾಲ 178 ಸೆಕೆಂಡು. ಮೂರು ನಿಮಿಷವೂ ಇಲ್ಲ!

ಹಾಗಾದರೆ ರಕ್ಷಣೆ ಯಾವುದು? ಎದುರಿನ ಫಲಕದಲ್ಲಿ ದಿಗಂತವನ್ನೂ ಎತ್ತರವನ್ನೂ ದಿಕ್ಕನ್ನೂ ತೋರುವ ಉಪಕರಣಗಳಿವೆ. ಮೈಮನಗಳು ಏನೇ ಹೇಳಲಿ, ಅವುಗಳನ್ನೇ ಅನುಸರಿಸಬೇಕು.

ಶ್ರೀಮದಾಚಾರ್ಯರ ಸಿದ್ಧಾಂತವೂ ಇದನ್ನೇ ಬೋಧಿಸುತ್ತದೆ. ದೋಷರಹಿತವಾದ ಇಂದ್ರಿಯವು ಮಾತ್ರ ಪ್ರಮಾಣವೆಂಬುದನ್ನು ಶ್ರೀಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ವಿಶದಪಡಿಸಿದ್ದಾರೆ. ಇಂದ್ರಿಯಕ್ಕೆ ನಿಲುಕದ ಧರ್ಮಾಧರ್ಮಗಳಲ್ಲಂತೂ ಆಗಮವೇ ಗತಿ. ರಾಗದ್ವೇಷಗಳಿಂದ ಕಲುಷಿತವಾದ ಮನಸ್ಸು ‘ನಾನು ನೇರವಾಗಿಯೇ ಇರುವೆ’ ಎನ್ನುತ್ತಿರುವಾಗಲೇ ಜೀವನು ಕೆಳಗಿಳಿಯುತ್ತಿರಬಹುದು. ಹಾಗೆಂದು ಬುದ್ಧಿಗೆ ಕೆಲಸವಿಲ್ಲವೆಂದಲ್ಲ. ಉಪಕರಣವನ್ನು ಓದಿ ಅರ್ಥಮಾಡಿಕೊಳ್ಳುವುದು ಬುದ್ಧಿಯೇ.

ಇನ್ನೊಂದು ಸಂಗತಿಯೂ ಗಮನಾರ್ಹ. ವೈಮಾನಿಕ ವಿದ್ಯಾರ್ಥಿಗೆ ಈ ಅಭ್ಯಾಸವನ್ನು ನಿರ್ಮಲವಾದ ಆಕಾಶದಲ್ಲಿ, ಪಕ್ಕದಲ್ಲಿ ಗುರುವು ಕುಳಿತಿರುವಾಗ, ಹೊರಗಿನದು ಕಾಣದಂತೆ ಕಣ್ಣಿಗೆ ಮರೆಯಿಟ್ಟು ಮಾಡಿಸುತ್ತಾರೆ. ಮೋಡವನ್ನು ಹೊಕ್ಕ ಮೇಲೆ ಕಲಿಯಲು ವ್ಯವಧಾನವಿಲ್ಲ.

ಉದ್ಯೋಗನಿಮಿತ್ತ ಊರು ಬಿಟ್ಟು ಬಂದ ನಮಗೆ ಇದು ಎಚ್ಚರಿಕೆಯ ಮಾತು. ಊರಿನಲ್ಲಿ ಅಜ್ಜನ ಸಂಧ್ಯಾವಂದನೆ, ಅಜ್ಜಿಯ ಏಕಾದಶಿ, ಮಠದ ಘಂಟಾನಾದ ಇವೇ ನಮಗೆ ದಿಗಂತವಾಗಿದ್ದವು. ನಗರದಲ್ಲಿ ಆ ದಿಗಂತವು ಕಾಣದು. ಅನುಕೂಲದ ದಿನಗಳಲ್ಲಿ ಜಪಕ್ಕೆ ಹೊತ್ತಿಲ್ಲವೆನ್ನುತ್ತೇವೆ. ಆಪ್ತರೊಬ್ಬರನ್ನು ಒಳಗೆ ಬಿಟ್ಟು ಆಸ್ಪತ್ರೆಯ ಬಾಗಿಲಲ್ಲಿ ನಿಂತ ರಾತ್ರಿ ಸ್ತೋತ್ರಕ್ಕಾಗಿ ತಡಕಾಡುತ್ತೇವೆ, ಅರ್ಧಕ್ಕೇ ಮರೆತುಹೋಗಿರುತ್ತದೆ. ಭಗವಂತನು ಆ ಅರ್ಧವನ್ನೂ ಕೇಳುವ ಕರುಣಾಳು, ಸಂದೇಹವಿಲ್ಲ. ಆದರೆ ಆಗ ನಡುಗುವವರು ನಾವು.

ಆದುದರಿಂದ ಚಾತುರ್ಮಾಸ್ಯದ ವ್ರತಗಳೊಡನೆ ಇದೊಂದು ನಿಯಮವನ್ನೂ ಕೈಗೊಳ್ಳೋಣ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ದಿನಕ್ಕೊಂದು ಶ್ಲೋಕವನ್ನು ಅರ್ಥಸಹಿತವಾಗಿ ಹೇಳಿಕೊಡೋಣ, ನಾವೂ ಕಲಿಯೋಣ. ವಿಮಾನವನ್ನು ಎತ್ತಿ ಹಿಡಿದಿರುವುದೂ ವಾಯು, ಮೋಡವನ್ನು ಚದುರಿಸುವುದೂ ವಾಯು. ಆ ಮುಖ್ಯಪ್ರಾಣಾಂತರ್ಗತನಾದ ಶ್ರೀಕೃಷ್ಣನು ನಮ್ಮೆಲ್ಲರನ್ನೂ ಗುರಿ ಮುಟ್ಟಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥