ಬೆಳೆಯಲೇಬೇಕೆಂಬ ಸಾಲ

2014ರ ಜೂನ್ 26ರಂದು ಗೋಪ್ರೊ ಎಂಬ ಕ್ಯಾಮೆರಾ ಕಂಪನಿ ಅಮೆರಿಕದ ನ್ಯಾಸ್ಡಾಕ್ ಷೇರುಪೇಟೆಗೆ ಬಂತು. ಅದು ಮಾರುತ್ತಿದ್ದದ್ದು ಅಂಗೈಯಲ್ಲಿ ಅಡಗುವಷ್ಟು ಸಣ್ಣ ಡಬ್ಬಿ. ಹೆಲ್ಮೆಟ್ಟಿಗೆ ಅಂಟಿಸಬಹುದು, ಎದೆಗೆ ಕಟ್ಟಬಹುದು, ನೀರಿನಲ್ಲಿ ಮುಳುಗಿಸಬಹುದು. 24 ಡಾಲರಿಗೆ ಕೊಟ್ಟ ಷೇರು ಮೊದಲ ದಿನದ ಸಂಜೆಗೆ 31 ದಾಟಿತು, ಅಕ್ಟೋಬರ್ ಹೊತ್ತಿಗೆ 90ನ್ನೂ ದಾಟಿತು. 2025ರ ಏಪ್ರಿಲಿನಲ್ಲಿ ನೋಡಿದರೆ ಅದೇ ಷೇರು ಒಂದು ಡಾಲರಿಗಿಂತ ಕೆಳಗೆ ಬಿದ್ದಿತ್ತು.

ಹಾಗಾದರೆ ಈ ಹನ್ನೊಂದು ವರ್ಷದಲ್ಲಿ ಕ್ಯಾಮೆರಾ ಕೆಟ್ಟುಹೋಯಿತೇ? ಇಲ್ಲ, ಸುಧಾರಿಸಿದೆ. ಮೊದಲು ನೀರಿಗಿಳಿಯಲು ಅದಕ್ಕೊಂದು ಪ್ಲಾಸ್ಟಿಕ್ ಕವಚ ತೊಡಿಸಬೇಕಿತ್ತು, 2016ರ ಹೀರೊ5 ಎಂಬ ಮಾದರಿಯಿಂದ ಅದು ಬೇಕಾಗಿಲ್ಲ. ಮೊದಲು ಗುಂಡಿ ಬಿದ್ದ ರಸ್ತೆಯ ವಿಡಿಯೊ ನೋಡಿದರೆ ತಲೆ ಸುತ್ತುತ್ತಿತ್ತು, 2018ರ ಹೀರೊ7 ಬಂದ ಮೇಲೆ ಅದೇ ರಸ್ತೆ ಬೆಣ್ಣೆ ಸವರಿದಂತೆ ಕಾಣತೊಡಗಿತು. ವಸ್ತು ಒಳ್ಳೆಯದಾಗುತ್ತಲೇ ಹೋಯಿತು, ಕಂಪನಿ ಸೊರಗುತ್ತಲೇ ಹೋಯಿತು. ಎರಡೂ ಒಟ್ಟಿಗೇ ನಡೆದದ್ದರಿಂದಲೇ ನನಗೆ ಈ ಕಥೆಯಲ್ಲಿ ಆಸಕ್ತಿ. ಬರೀ ಲಾಭ ನಷ್ಟದ ಕಥೆಯಾಗಿದ್ದರೆ ವಾಣಿಜ್ಯ ಪುಟಕ್ಕೆ ಬಿಟ್ಟುಬಿಡಬಹುದಿತ್ತು.

ನಿಕ್ ವುಡ್‌ಮನ್ ಎಂಬ ಕ್ಯಾಲಿಫೋರ್ನಿಯಾದ ಹುಡುಗ ಗೋಪ್ರೊ ಕಟ್ಟುವುದಕ್ಕೂ ಮುಂಚೆ ಒಂದು ಆನ್‌ಲೈನ್ ಗೇಮ್ ಕಂಪನಿ ಕಟ್ಟಿ ಮುಳುಗಿಸಿದ್ದ. ನಂಬಿ ಹಾಕಿದವರ ಸುಮಾರು 40 ಲಕ್ಷ ಡಾಲರ್ ನೀರುಪಾಲಾಗಿತ್ತು. ಮನಸ್ಸು ಹಗುರ ಮಾಡಿಕೊಳ್ಳಲು 2002ರಲ್ಲಿ ಆಸ್ಟ್ರೇಲಿಯಾ, ಇಂಡೊನೇಷ್ಯಾಗಳ ಕಡಲತೀರ ಸುತ್ತಿದ. ಅಲೆಯ ಮೇಲೆ ನಿಂತವನು ಅಲ್ಲಿಂದಲೇ ಫೋಟೊ ತೆಗೆಯಬೇಕೆಂದರೆ ಕ್ಯಾಮೆರಾ ಮಣಿಕಟ್ಟಿಗೆ ಬಿಗಿದಿರಬೇಕು. ಹಾಗೆ ಬಿಗಿಯುವ ಸರಿಯಾದ ಪಟ್ಟಿ ಸಿಗದೆ ತಾನೇ ಹೊಲಿಯಲು ಕೂತ. ಹೊಲಿಗೆ ಯಂತ್ರ ಅಮ್ಮನದು. 35 ಸಾವಿರ ಡಾಲರ್ ಸಾಲವೂ ಅಮ್ಮನದೇ. ಅಪ್ಪ 2 ಲಕ್ಷ ಡಾಲರ್ ಹಾಕಿದರು. ಸಾಲದ್ದಕ್ಕೆ ಬಾಲಿಯಿಂದ ಚಿಪ್ಪು, ಮಣಿ ಪೋಣಿಸಿದ ಬೆಲ್ಟುಗಳನ್ನು ತಂದು ವ್ಯಾನಿನಲ್ಲಿಟ್ಟುಕೊಂಡು ಊರೂರು ಮಾರಿದ. 2004ರಲ್ಲಿ ಬಂದ ಮೊದಲ ಗೋಪ್ರೊದಲ್ಲಿ ವಿಡಿಯೊ ಇರಲೇ ಇಲ್ಲ. ರೀಲು ತುಂಬಿ, ತಿರುಗಿಸಿ, ಕ್ಲಿಕ್ಕಿಸುವ ಫಿಲ್ಮ್ ಕ್ಯಾಮೆರಾ ಅದು.

ಹೊರಗಿನವರ ದೊಡ್ಡ ಬಂಡವಾಳ ಒಳಗೆ ಬಂದದ್ದು 2011ರಲ್ಲಿ. ಅಲ್ಲಿಯವರೆಗೆ ಸುಮಾರು ಒಂಬತ್ತು ವರ್ಷ ಮನೆಯವರ ದುಡ್ಡು ಮತ್ತು ಮಾರಿದ್ದರಿಂದ ಬಂದ ದುಡ್ಡು, ಅಷ್ಟೇ. ಒಮ್ಮೆ ಪರರ ದುಡ್ಡು ಕಳೆದವನಿಗೆ ಇರಬೇಕಾದ ಅಂಜಿಕೆ ಅದು ಎಂದು ನಾನು ತಿಳಿಯುತ್ತೇನೆ. ನಮ್ಮಲ್ಲಿ ಈ ಅಂಜಿಕೆಗೆ ಹಿಂದೆ ಮರ್ಯಾದೆ ಇತ್ತು. ಈಗ ಅದನ್ನು ಧೈರ್ಯ ಸಾಲದು ಎನ್ನುತ್ತಾರೆ.

ಅಮ್ಮನ ಸಾಲಕ್ಕೆ ಒಂದು ತುದಿ ಇದೆ. ಬಡ್ಡಿ ಸೇರಿಸಿದರೂ ಇದೆ. ಎಣಿಸಿ ಕೊಟ್ಟು ಕಾಲಿಗೆ ಬಿದ್ದರೆ ಲೆಕ್ಕ ಚುಕ್ತಾ. ಷೇರುದಾರನ ಲೆಕ್ಕ ಹೀಗೆ ಮುಗಿಯುವಂಥದ್ದಲ್ಲ. 24 ಡಾಲರ್ ಕೊಟ್ಟವನು 24 ವಾಪಸ್ ಕೊಡಿ ಎಂದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು. ಅವನಿಗೆ ಬೇಕಾದದ್ದು ಮುಂದಿನ ಮೂರು ತಿಂಗಳು ಈ ಮೂರು ತಿಂಗಳಿಗಿಂತ ದೊಡ್ಡದಾಗಿರಬೇಕು ಎಂಬ ಭರವಸೆ. ಇನ್ನೂ ಒಂದು ವಿಚಿತ್ರ ನೋಡಿ. ಅವನ ಕೈಯಿಂದ ಅದೇ ಷೇರನ್ನು 90 ಡಾಲರಿಗೆ ಮತ್ತೊಬ್ಬ ಕೊಳ್ಳುತ್ತಾನೆ. ಆ 90ರಲ್ಲಿ ಕಂಪನಿಗೆ ಬಿಡಿಗಾಸೂ ಸಂದಿಲ್ಲ. ಆದರೂ ಆ 90ಕ್ಕೆ ಕಂಪನಿಯೇ ಜವಾಬು ಹೇಳಬೇಕು. ತಾನು ಪಡೆಯದ ಹಣಕ್ಕೆ, ತಾನು ಕಂಡಿರದ ಮನುಷ್ಯನಿಗೆ, ತಾನು ಒಪ್ಪಿಕೊಂಡಿರದ ಮೊತ್ತಕ್ಕೆ ಋಣಿಯಾಗುವ ಸ್ಥಿತಿ. ಇಂಥ ಋಣ ತೀರಿಸುವ ಮಾರ್ಗ ಯಾವ ಧರ್ಮಶಾಸ್ತ್ರದಲ್ಲೂ ಇದ್ದಂತಿಲ್ಲ.

ಬೆಳೆಯುವ ವಸ್ತುವಾಗಿದ್ದರೆ ಇದೂ ನಡೆಯುತ್ತಿತ್ತೇನೋ. ಗೋಪ್ರೊದ ಕಷ್ಟವೆಂದರೆ ಅದು ತನ್ನ ಕೆಲಸವನ್ನು ಬೇಗ ಮಾಡಿ ಮುಗಿಸಿಬಿಟ್ಟಿತು. 2012ರಲ್ಲಿ ಫೆಲಿಕ್ಸ್ ಬಾಮ್‌ಗಾರ್ಟ್‌ನರ್ ಎಂಬ ಸಾಹಸಿ ಸುಮಾರು 39 ಕಿಲೋಮೀಟರ್ ಎತ್ತರದಿಂದ ಭೂಮಿಗೆ ಜಿಗಿದಾಗ ಮೈಮೇಲೆ ಇದ್ದದ್ದು ಇದೇ ಕ್ಯಾಮೆರಾ. ಅದಕ್ಕಿಂತ ಎತ್ತರದ ಜಾಹೀರಾತು ಇನ್ನೆಲ್ಲಿಂದ ತರುವುದು? ಅದನ್ನು ನೋಡಿ ಕೊಂಡವನ ಬದುಕಿನಲ್ಲಿ ಎದೆಗೆ ಕ್ಯಾಮೆರಾ ಕಟ್ಟಿಕೊಳ್ಳಬೇಕಾದ ದಿನಗಳಾದರೂ ಎಷ್ಟು? ವರ್ಷಕ್ಕೆ ಒಂದು ವಾರ ಬಂದರೆ ಹೆಚ್ಚು.

ಬೆಂಗಳೂರಿನ ಬೈಕ್ ಹುಡುಗರಿಗೆ ಇದು ಗೊತ್ತು. ಭಾನುವಾರ ಬೆಳಕು ಹರಿಯುವ ಮುನ್ನ ನಂದಿಬೆಟ್ಟದ ದಾರಿಯಲ್ಲಿ ಹೆಲ್ಮೆಟ್ಟಿನ ಗಲ್ಲಕ್ಕೆ ಕ್ಯಾಮೆರಾ ಅಂಟಿಸಿಕೊಂಡವರು ಸಾಲುಸಾಲಾಗಿ ಕಾಣುತ್ತಾರೆ. ಅವೆಲ್ಲ ಸ್ವಂತದ್ದು ಎಂದುಕೊಳ್ಳಬೇಡಿ. ಲಡಾಖಿಗೆ ಹೊರಟವರಿಗೆ ದಿನದ ಲೆಕ್ಕದಲ್ಲಿ ಗೋಪ್ರೊ ಬಾಡಿಗೆಗೆ ಕೊಡುವ ಅಂಗಡಿಗಳು ಊರಿನಲ್ಲಿವೆ. ಆಧಾರ್ ಪ್ರತಿ, ಠೇವಣಿ ಇಟ್ಟು ಒಯ್ಯುವುದು, ಬಂದ ಮೇಲೆ ಧೂಳು ಒರೆಸಿ ಹಿಂತಿರುಗಿಸುವುದು. ಬಾಡಿಗೆ ಒಯ್ಯುವವನು ತನ್ನ ಅಗತ್ಯದ ಅಳತೆಯನ್ನು ಸರಿಯಾಗಿ ತಿಳಿದವನು. ಷೇರುಪೇಟೆಯ ಪಂಡಿತರಿಗಿಂತ ಮೊದಲೇ ಈ ಅಂಗಡಿಯವರಿಗೆ ಗೋಪ್ರೊದ ಭವಿಷ್ಯ ಗೊತ್ತಿದ್ದಿರಬೇಕು.

ಕೊಂಡವರ ಮನೆಯಲ್ಲಾದರೂ ಏನಾಗುತ್ತದೆ? ಪ್ರವಾಸ ಮುಗಿಸಿ ಬಂದು ಮೆಮೊರಿ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದರೆ ಜಿಎಕ್ಸ್01 ಎಂದು ಶುರುವಾಗುವ ಕಡತಗಳ ಸಾಲು ತೆರೆಯುತ್ತದೆ. ಉದ್ದದ ವಿಡಿಯೊ ಆದರೆ ತುಂಡು ತುಂಡಾಗಿರುತ್ತದೆ, ಮುಂದಿನ ತುಂಡು ಜಿಎಕ್ಸ್02. ಒಂದನ್ನು ತೆರೆದು ನೋಡಿ. ಕೆಳಗೆ ಬೈಕಿನ ಹ್ಯಾಂಡಲ್, ಗ್ಲೌಸು ಹಾಕಿದ ಎರಡು ಕೈ, ಮುಂದೆ ಒಂದು ಲಾರಿಯ ಹಿಂಭಾಗ. ಕಿವಿಗೆ ಗಾಳಿಯ ಭೋರೆಂಬ ಸದ್ದು. ಹತ್ತು ನಿಮಿಷ ಆದರೂ ಅದೇ ಲಾರಿ. ಎಲ್ಲೋ ನಡುವೆ ಹಿಮಗುಡ್ಡದ ತಿರುವೊಂದು ಬಂದು ಹೋಗಿರುತ್ತದೆ, ಅದನ್ನು ಹುಡುಕಿ ಕತ್ತರಿಸಿ ಹೊಲಿಯುವ ತಾಳ್ಮೆ ಯಾರಿಗೂ ಇಲ್ಲ. ಕಾರ್ಡು ಡ್ರಾಯರ್ ಸೇರುತ್ತದೆ, ಹಿಂದೆಯೇ ಕ್ಯಾಮೆರಾ. ಕಂಪನಿಗೂ ಇದು ತಿಳಿಯದೇ ಇರಲಿಲ್ಲ. 2016ರಲ್ಲಿ ವಿಡಿಯೊ ಎಡಿಟ್ ಮಾಡುವ ಎರಡು ಆ್ಯಪ್‌ಗಳನ್ನು 10 ಕೋಟಿಗೂ ಮಿಕ್ಕಿದ ಡಾಲರ್ ಕೊಟ್ಟು ಕೊಂಡಿತು. ತನ್ನ ಕ್ಯಾಮೆರಾ ಸೆರೆಹಿಡಿದ ರಾಶಿಯೇ ತನ್ನ ಮುಂದಿನ ಕ್ಯಾಮೆರಾದ ಮಾರಾಟಕ್ಕೆ ಅಡ್ಡ ಕೂತಿದೆ ಎಂದು ಅರಿವಾಗಿರಬೇಕು.

ಅಷ್ಟರಲ್ಲಿ ಭರವಸೆಯ ಗಡುವುಗಳು ಬರತೊಡಗಿದ್ದವು. 2015ರ ಜುಲೈಯಲ್ಲಿ ಹೀರೊ4 ಸೆಷನ್ ಎಂಬ ಪುಟ್ಟ ಚೌಕದ ಕ್ಯಾಮೆರಾ 399 ಡಾಲರಿಗೆ ಬಂತು. ಸೆಪ್ಟೆಂಬರಿನಲ್ಲಿ 299. ಡಿಸೆಂಬರಿನಲ್ಲಿ 199. ಜುಲೈಯಲ್ಲಿ ಸರದಿಯಲ್ಲಿ ನಿಂತು ಕೊಂಡ ಅಭಿಮಾನಿಗೆ ಆ ಕ್ರಿಸ್‌ಮಸ್‌ನಲ್ಲಿ ಏನನ್ನಿಸಿರಬಹುದು? ಮೋಸ ಅಲ್ಲ, ಕಾನೂನಿನಲ್ಲಿ ತಪ್ಪೇನೂ ಇಲ್ಲ. ಆದರೆ ಮೊದಲು ನಂಬಿದವನೇ ಹೆಚ್ಚು ತೆರುವ ವ್ಯಾಪಾರದಲ್ಲಿ ಏನೋ ಒಂದು ತಲೆಕೆಳಗಾಗಿದೆ. ಆ ವರ್ಷದ ಮಾರಾಟ 162 ಕೋಟಿ ಡಾಲರ್, ಅದೇ ಶಿಖರ. ಮರುವರ್ಷ 118 ಕೋಟಿಗೆ ಇಳಿದು, ಸುಮಾರು 42 ಕೋಟಿ ನಷ್ಟವಾಯಿತು.

ನೆಲದ ಮೇಲೆ ಬೆಳೆಯಲಾಗದಿದ್ದರೆ ಆಕಾಶವಿದೆಯಲ್ಲ. 2016ರ ಸೆಪ್ಟೆಂಬರಿನಲ್ಲಿ ಗೋಪ್ರೊ ಡ್ರೋನ್ ಘೋಷಿಸಿತು. ಹೆಸರು ಕರ್ಮ. ತಮಾಷೆ ಮಾಡುವ ಆಸೆಯನ್ನು ತಡೆದುಕೊಂಡು ಮುಂದೆ ಹೋಗುತ್ತೇನೆ. ಒಂದು ವಾರ ಕಳೆಯುತ್ತಲೇ ಚೀನಾದ ಡಿಜೆಐ ಕಂಪನಿ ಇನ್ನೂ ಚಿಕ್ಕದಾದ, ಚುರುಕಾದ ಮ್ಯಾವಿಕ್ ಪ್ರೊ ತೋರಿಸಿತು. ಅಕ್ಟೋಬರ್ ಕೊನೆಗೆ ಅಂಗಡಿಗೆ ಬಂದ ಕರ್ಮ ಹಾರುತ್ತಿರುವಾಗಲೇ ವಿದ್ಯುತ್ ಕಡಿದುಕೊಂಡು ಬೀಳತೊಡಗಿತು. ಎರಡೇ ವಾರದಲ್ಲಿ, ಮಾರಿದ್ದ ಸುಮಾರು 2,500ನ್ನೂ ವಾಪಸ್ ಕರೆಸಬೇಕಾಯಿತು. ಸರಿಪಡಿಸಿ ಮತ್ತೆ ಮಾರುಕಟ್ಟೆಗೆ ಬಿಟ್ಟರೂ 2018ರ ಜನವರಿಯಲ್ಲಿ ಡ್ರೋನ್ ವ್ಯವಹಾರಕ್ಕೇ ಬೀಗ ಬಿತ್ತು. 250ಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ವುಡ್‌ಮನ್ ತನ್ನ ಆ ವರ್ಷದ ಸಂಬಳವನ್ನು 1 ಡಾಲರಿಗೆ ಇಳಿಸಿಕೊಂಡ. ಷೇರಿನ ರೂಪದಲ್ಲಿ ಬಂದದ್ದನ್ನು ಸೇರಿಸಿ, 2014ರಲ್ಲಿ ಅಮೆರಿಕದಲ್ಲೇ ಅತಿ ಹೆಚ್ಚು ಸಂಭಾವನೆ ಪಡೆದ ಸಿಇಒ ಎನಿಸಿಕೊಂಡವನೂ ಆತನೇ, 28 ಕೋಟಿ ಡಾಲರಿಗೂ ಹೆಚ್ಚು. ಆ 1 ಡಾಲರಿನ ತ್ಯಾಗ ನನ್ನನ್ನು ಅಷ್ಟಾಗಿ ತಟ್ಟುವುದಿಲ್ಲ. ಕೆಲಸ ಹೋದವರಿಗೆ 28 ಕೋಟಿಯ ದಿಂಬು ಇರಲಿಲ್ಲ.

ಆದರೆ ಆತನ ಬಗ್ಗೆ ಇನ್ನೊಂದು ಮಾತನ್ನೂ ಹೇಳಬೇಕು. ಕಂಪನಿ ಏನೂ ಅಲ್ಲದ ದಿನಗಳಲ್ಲಿ, ಮೊದಲ ನೌಕರನಾಗಿ ಸೇರಿದ ತನ್ನ ಕಾಲೇಜು ಗೆಳೆಯನಿಗೆ ಆತ ಮಾತು ಕೊಟ್ಟಿದ್ದ: ನನ್ನ ಷೇರು ಮಾರಿ ಬಂದದ್ದರಲ್ಲಿ ಹತ್ತರಲ್ಲೊಂದು ಪಾಲು ನಿನ್ನದು. 2015ರಲ್ಲಿ ಆ ಮಾತಿನ ಬೆಲೆ ಸುಮಾರು 23 ಕೋಟಿ ಡಾಲರ್ ಆಗಿತ್ತು. ತನ್ನದೇ ಷೇರುಗಳನ್ನು ಬಿಟ್ಟುಕೊಟ್ಟು ತೀರಿಸಿದ. ಹತ್ತರಲ್ಲೊಂದು ಎಂಬ ಮಾತಿಗೆ ಅಳತೆ ಇತ್ತು, ಎಷ್ಟೇ ದೊಡ್ಡದಾದರೂ ಸಲ್ಲಿಸಬಹುದಿತ್ತು. ಪೇಟೆಗೆ ಕೊಟ್ಟ ಮಾತಿಗೆ ಅಳತೆ ಇರಲಿಲ್ಲ. ಮನುಷ್ಯ ಒಬ್ಬನೇ, ಒಂದು ಮಾತು ಉಳಿಸಿಕೊಂಡ, ಇನ್ನೊಂದನ್ನು ಉಳಿಸಿಕೊಳ್ಳಲು ಆಗಲಿಲ್ಲ. ಇದನ್ನು ಬರೀ ಅವನ ಗುಣದೋಷವೆಂದು ಓದುವುದು ನನಗೆ ಒಪ್ಪಿಗೆಯಾಗದು.

ಕಡೆಗೆ ಕಂಪನಿ ಕೈಹಿಡಿದದ್ದು ವಾರ್ಷಿಕ ಚಂದಾವನ್ನು. ವರ್ಷಕ್ಕಿಷ್ಟು ಕೊಟ್ಟರೆ ನಿಮ್ಮ ವಿಡಿಯೊಗಳನ್ನೆಲ್ಲ ಅವರೇ ಕ್ಲೌಡಿನಲ್ಲಿ ಇಟ್ಟುಕೊಳ್ಳುತ್ತಾರೆ, ಒಡೆದ ಕ್ಯಾಮೆರಾಕ್ಕೆ ಬದಲು ಕೊಡುತ್ತಾರೆ. 2024ರ ಕೊನೆಗೆ ಸುಮಾರು 25 ಲಕ್ಷ ಮಂದಿ ಚಂದಾದಾರರಿದ್ದರು. ಇದು ಹಳೆಯ ಉಪಾಯವೇ. ಮನೆಗೊಂದು ಒರಳುಕಲ್ಲು ಬಂದರೆ ಮೂರು ತಲೆಮಾರಿಗೆ ಇನ್ನೊಂದು ಬೇಕಿಲ್ಲ. ಆದರೆ ಕಲ್ಲು ನುಣುಪಾಗುತ್ತಿದ್ದಂತೆ ಉಳಿ ಸುತ್ತಿಗೆ ಹಿಡಿದು ಬೀದಿಯಲ್ಲಿ ಕೂಗುತ್ತ ಬರುವವನೊಬ್ಬನಿದ್ದ. ಅಂಗಳದಲ್ಲಿ ಕೂತು ಟಕಟಕ ಕುಟ್ಟಿ ಮತ್ತೆ ತರಿ ಮಾಡಿಕೊಟ್ಟು, ಸೇರು ರಾಗಿ ಪಡೆದು ಮುಂದಿನ ಮನೆಗೆ ಹೋಗುತ್ತಿದ್ದ. ಅದರಲ್ಲೊಂದು ಜೀವನ ಇತ್ತು. ಈ ವರ್ಷ ಕಳೆದ ವರ್ಷಕ್ಕಿಂತ ಶೇಕಡ 20 ಹೆಚ್ಚು ಒರಳು ಕುಟ್ಟಬೇಕೆಂದು ಅವನನ್ನು ಯಾರೂ ಕೇಳಿರಲಿಲ್ಲ, ಅಷ್ಟೇ. ಗೋಪ್ರೊಗೂ ಆ ಜೀವನ ಸಾಕಾಗುತ್ತಿತ್ತೇನೋ. ಆದರೆ ಶಿಖರಕ್ಕೆಂದು ಕಟ್ಟಿದ ಖರ್ಚು ಅಷ್ಟು ಸುಲಭವಾಗಿ ಬೆಟ್ಟ ಇಳಿಯುವುದಿಲ್ಲ. 2024ರಲ್ಲಿ ಮಾರಾಟ ಸುಮಾರು 80 ಕೋಟಿ ಡಾಲರಿಗೆ ಬಂದು ನಿಂತಿತು. ಯೋಚಿಸಿದರೆ ಸಣ್ಣ ಮೊತ್ತವೇನಲ್ಲ. ಷೇರುಪೇಟೆಗೆ ಬರುವ ಮುಂಚಿನ ವರ್ಷ, ಅಂದರೆ 2013ರಲ್ಲಿ, 98 ಕೋಟಿ ಮಾರಿ 6 ಕೋಟಿ ಲಾಭ ಮಾಡಿದ್ದ ಕಂಪನಿ ಇದು. 2024ರಲ್ಲಿ 80 ಕೋಟಿ ಮಾರಿದಾಗ ಆದದ್ದು ಸುಮಾರು 43 ಕೋಟಿ ನಷ್ಟ.

ಷೇರುಪೇಟೆಗೆ ಹೋಗದೇ ಇದ್ದಿದ್ದರೆ ಎಲ್ಲ ಸರಿ ಇರುತ್ತಿತ್ತು ಎಂದು ನಾನು ಹೇಳಲಾರೆ. ಮೊಬೈಲ್ ಕ್ಯಾಮೆರಾ ಹೇಗೂ ಬೆಳೆಯುತ್ತಿತ್ತು. ಕಾಲು ಬೆಲೆಗೆ ಅದೇ ರೀತಿಯ ಡಬ್ಬಿಗಳು ಹೇಗೂ ಬರುತ್ತಿದ್ದವು. ಚಿಕ್ಕದಾಗಿ ಉಳಿದದ್ದೆಲ್ಲ ಪವಿತ್ರ ಎಂಬ ಭ್ರಮೆ ಮಧ್ಯಮವರ್ಗದ ನಮಗೆ ಸುಲಭ, ಏಕೆಂದರೆ ನಾವು ಯಾರಿಗೂ ಸಂಬಳ ಕೊಡಬೇಕಾಗಿಲ್ಲ. ಅಲ್ಲದೆ ಇದೇ ಕ್ಷೇತ್ರದಲ್ಲಿ ಬೆಳೆದವರೂ ಇದ್ದಾರೆ. ಶೆನ್‌ಜೆನ್‌ನ ಇನ್‌ಸ್ಟಾ360 ಆ ಹತ್ತು ನಿಮಿಷದ ಲಾರಿಯ ಬೇಸರವನ್ನೇ ಹಿಡಿದುಕೊಂಡಿತು. ಸುತ್ತಲಿನ ಎಲ್ಲವನ್ನೂ ಒಟ್ಟಿಗೆ ಸೆರೆಹಿಡಿ, ಎತ್ತ ನೋಡಬೇಕೆಂದು ಆಮೇಲೆ ಫೋನಿನಲ್ಲಿ ತೀರ್ಮಾನಿಸು ಎಂದಿತು. ಜನ ಕೊಂಡರು.

ಇದೆಲ್ಲ ನಮಗೇಕೆ ಎನ್ನುವವರು ತಮ್ಮ ಮನೆಯ ಹುಡುಗರ ಫೋನು ನೋಡಲಿ. 2022ರಲ್ಲೇ ದೇಶದ ಡಿಮ್ಯಾಟ್ ಖಾತೆಗಳು 10 ಕೋಟಿ ದಾಟಿವೆ. ಹೊಸ ಐಪಿಒ ಬಂತೆಂದರೆ ಆಫೀಸಿನ ಚಹಾ ವೇಳೆಯಲ್ಲಿ ಗ್ರೇ ಮಾರ್ಕೆಟ್ ಪ್ರೀಮಿಯಂ ಎಷ್ಟು ಎಂಬುದೇ ಮಾತು. ಆ ಕಂಪನಿ ಏನು ಮಾಡುತ್ತದೆ ಎಂದು ಕೇಳಿ ನೋಡಿ, ಅರ್ಧ ಜನ ಫೋನು ತೆರೆಯುತ್ತಾರೆ. ಕನ್ನಡದ ಮನೆಗಳಲ್ಲಿ ಹೇಳುವ ಷೇರಿನ ಕಥೆ ಒಂದೇ: 1993ರಲ್ಲಿ 95 ರೂಪಾಯಿಗೆ ಇನ್ಫೋಸಿಸ್ ಕೊಡುತ್ತಿದ್ದಾಗ ತೆಗೆದುಕೊಂಡಿದ್ದರೆ ಇವತ್ತು ನಾವೆಲ್ಲಿರುತ್ತಿದ್ದೆವು ಎನ್ನುವುದು. ಆ ಐಪಿಒಗೆ ಕೊಳ್ಳುವವರೇ ಸಾಲದೆ ಹೋಗಿತ್ತು ಎಂಬುದನ್ನು ಹೇಳುವಾಗಲೂ ನಮ್ಮ ಧ್ವನಿಯಲ್ಲಿ ಹೊಟ್ಟೆಯುರಿಯೇ ಹೆಚ್ಚು. 90 ಡಾಲರಿಗೆ ಗೋಪ್ರೊ ಕೊಂಡವನ ಕಥೆಯನ್ನು ಯಾರ ಮನೆಯಲ್ಲೂ ಮಕ್ಕಳಿಗೆ ಹೇಳುವುದಿಲ್ಲ. ಅವನೂ ಓದಿದವನೇ, ಅವನ ಕೈಯಲ್ಲಿದ್ದದ್ದೂ ಒಳ್ಳೆಯ ಕಂಪನಿಯೇ. ಒಳ್ಳೆಯ ವಸ್ತು ಮತ್ತು ಬೆಳೆಯುವ ಷೇರು ಒಂದೇ ಎಂದು ತಿಳಿದದ್ದು ಅವನೊಬ್ಬನ ಪೆದ್ದುತನವೂ ಅಲ್ಲ.

2025ರ ಜೂನಿನಲ್ಲಿ ಇನ್‌ಸ್ಟಾ360 ಶಾಂಘೈ ಷೇರುಪೇಟೆಯಲ್ಲಿ ಲಿಸ್ಟ್ ಆಯಿತು. ಮೊದಲ ದಿನವೇ ಬೆಲೆ ಮೂರು ಪಟ್ಟಿಗೂ ಮೇಲೇರಿತು. ಜುಲೈ ಮುಗಿಯುವುದರೊಳಗೆ ತಾವು ಡ್ರೋನ್ ತರುತ್ತೇವೆಂದು ಅವರು ಘೋಷಿಸಿದರು. ಅದೇ ವಾರ ಡಿಜೆಐ ಅವರದೇ ಮಾದರಿಯ 360 ಡಿಗ್ರಿ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಿತು.