ಮೂರು ವಾರದ ಜ್ವರ

ಈ ಪ್ರಕರಣದಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಹೆಸರು ಸಿಕ್ಕಿದರೆ ನಾವು ಮನುಷ್ಯರನ್ನು ಹುಡುಕಿ ಹೊರಡುತ್ತೇವೆ, ವಿಷಯ ಅಲ್ಲಿಗೇ ನಿಂತುಹೋಗುತ್ತದೆ. ಸಂಬಂಧಪಟ್ಟ ನಾಲ್ವರಲ್ಲಿ ಮೂವರ ಮಾತು ಕೇಳಿದ್ದೇನೆ. ನಾಲ್ಕನೆಯವರಾದ ವೈದ್ಯರು ಮಾತಾಡಲು ಒಪ್ಪಲಿಲ್ಲ.

ಹುಡುಗಿ ಮೈಸೂರಿನ ಪಕ್ಕದ ತಾಲ್ಲೂಕಿನವಳು. ಆ ಕಡೆಯ ಹಳ್ಳಿಗಳಲ್ಲಿ ಕೆ.ಆರ್. ಆಸ್ಪತ್ರೆಗೆ ಇವತ್ತಿಗೂ ದೊಡ್ಡಾಸ್ಪತ್ರೆ ಎಂದೇ ಹೆಸರು. 1924ರಲ್ಲಿ ಶುರುವಾದ ಮೈಸೂರು ವೈದ್ಯಕೀಯ ಕಾಲೇಜಿನಲ್ಲಿ ತಮ್ಮೂರ ಮಗುವೊಂದು ಓದಬೇಕೆನ್ನುವ ಆಸೆ ಅಲ್ಲಿ ಯಾರ ಮನೆಯಲ್ಲಿ ಬೇಕಾದರೂ ಹುಟ್ಟಬಹುದು. ಇವಳು 2017ರಲ್ಲಿ ಪಿಯುಸಿ ಮುಗಿಸಿ ನೀಟ್ ಬರೆದಳು, ಸೀಟು ಸಿಗಲಿಲ್ಲ. ಅಪ್ಪ ಸಾಲ ಮಾಡಿ ಒಂದು ವರ್ಷ ಕೋಚಿಂಗಿಗೆ ಸೇರಿಸಿದರು. 2018ರಲ್ಲೂ ಸಿಗಲಿಲ್ಲ. ಬಿ.ಎಸ್‌ಸಿ. ಮಾಡಿ, ನಗರದ ಹೊರವಲಯದ ಖಾಸಗಿ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿ, ಸಂಬಳದ ಅರ್ಧವನ್ನು ಆ ಸಾಲಕ್ಕೇ ಕಟ್ಟುತ್ತ ಬಂದಳು.

ಆಗ ನೀಟ್‌ಗೆ ಗರಿಷ್ಠ ವಯಸ್ಸಿನ ಮಿತಿಯಿತ್ತು: ಸಾಮಾನ್ಯ ವರ್ಗಕ್ಕೆ 25, ಮೀಸಲು ವರ್ಗಕ್ಕೆ 30. 2018ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿತ್ತು. 2022ರಲ್ಲಿ ಮಿತಿಯೇ ಹೋಯಿತು. ಅದಕ್ಕೂ ಮೊದಲು, ಮಿತಿಯ ವ್ಯಾಜ್ಯ ಕೋರ್ಟಿನಲ್ಲಿ ಇನ್ನೂ ಬಾಕಿಯಿದ್ದ 2020ರಲ್ಲಿ, ಒಡಿಶಾದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು 64ನೇ ವಯಸ್ಸಿನಲ್ಲಿ ನೀಟ್ ಪಾಸಾಗಿ ಎಂಬಿಬಿಎಸ್‌ಗೆ ಸೇರಿದ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಆ ಪತ್ರಿಕೆಯ ತುಣುಕು ಇವಳ ಪರ್ಸಿನಲ್ಲಿತ್ತು. ಇಪ್ಪತ್ತಾರಕ್ಕೆ ಬಂದಿದ್ದ ಇವಳು 2025ರ ಪರೀಕ್ಷೆಗೆ ಕೂರಲು ನಿಶ್ಚಯಿಸಿದಳು. ನಿಶ್ಚಯದಲ್ಲಿ ತಪ್ಪೇನೂ ಇಲ್ಲ.

ಕಷ್ಟವಿದ್ದದ್ದು ಹೊತ್ತಿನದು. ಮಧ್ಯಾಹ್ನದ ಪಾಳಿ ಮುಗಿಸಿ ಪಿ.ಜಿ.ಗೆ ಬರುವಷ್ಟರಲ್ಲಿ ರಾತ್ರಿ ಹನ್ನೊಂದು. ಬೆಳಿಗ್ಗೆ ಐದಕ್ಕೆ ಎದ್ದರೆ ಹನ್ನೆರಡರವರೆಗೆ ಓದು. 180 ಪ್ರಶ್ನೆ, 180 ನಿಮಿಷ, 720 ಅಂಕ. ಸರಿಯುತ್ತರಕ್ಕೆ ನಾಲ್ಕು, ತಪ್ಪಿದರೆ ಒಂದು ಕಡಿತ. ಅರ್ಧದಷ್ಟು ಪ್ರಶ್ನೆ ಜೀವಶಾಸ್ತ್ರದ್ದು. ಅದನ್ನು ಬಸ್ಸಿನಲ್ಲೂ ಓದಬಹುದು. ಭೌತಶಾಸ್ತ್ರ ಹಾಗಲ್ಲ, ಪೆನ್ನು ಹಿಡಿದು ಗಂಟೆಗಟ್ಟಲೆ ಕೂರಲೇಬೇಕು. ಏಳು ವರ್ಷದ ಹಿಂದೆ ಕಲಿತ ಸೂತ್ರಗಳು ಮರೆತಿದ್ದವು. ಪಠ್ಯಕ್ರಮವೂ 2024ರಿಂದ ಬದಲಾಗಿತ್ತು. ಹಳೇ ನೋಟ್ಸಿನ ಕೆಲವು ಅಧ್ಯಾಯಗಳು ಈಗ ಬೇಕಾಗಿಯೇ ಇರಲಿಲ್ಲ. ಕೊನೆಯ ಮೂರು ವಾರ ಪೂರ್ತಿ ಸಿಗದಿದ್ದರೆ ಬರೆದೂ ಪ್ರಯೋಜನವಿಲ್ಲ ಎಂದು ಅವಳಿಗೆ ಖಚಿತವಾಯಿತು.

ಮಾರ್ಚಿನಲ್ಲಿ ಅವಳು ಮ್ಯಾನೇಜರ ಬಳಿ ಹೋಗಿ ಇದ್ದದ್ದನ್ನು ಇದ್ದಂತೆಯೇ ಹೇಳಿದಳು. ಪರೀಕ್ಷೆಯಿದೆ, ಮೂರು ವಾರ ರಜೆ ಬೇಕು, ಸಂಬಳ ಬೇಡ. ಇದನ್ನು ಓದುಗರು ಮರೆಯಬಾರದು. ಮ್ಯಾನೇಜರು ಒರಟರಲ್ಲ, ಕೂರಿಸಿ ಮಾತಾಡಿದರು. “ಪರೀಕ್ಷೆ ಅಂತ ಬರೆದರೆ ಮೇಲಿನವರು ಒಪ್ಪಲ್ಲಮ್ಮ, ನಮ್ಮಲ್ಲಿ ಅಂಥ ರಜೆಯೇ ಇಲ್ಲ. ಹುಷಾರಿಲ್ಲ ಅಂತ ಬರೀರಿ, ಒಂದು ಸರ್ಟಿಫಿಕೇಟ್ ತನ್ನಿ. ಮಿಕ್ಕಿದ್ದು ನಾನು ನೋಡ್ಕೋತೀನಿ.”

ಬಡಾವಣೆಯ ಕ್ಲಿನಿಕ್ಕೊಂದರಲ್ಲಿ ಸರ್ಟಿಫಿಕೇಟು ಸಿಕ್ಕಿತು. ಟೈಫಾಯಿಡ್, ಮೂರು ವಾರ ವಿಶ್ರಾಂತಿ. ವೈದ್ಯರು ನಾಡಿ ಹಿಡಿಯಲಿಲ್ಲ, ಥರ್ಮಾಮೀಟರ್ ಮುಟ್ಟಲಿಲ್ಲ. ಯಾತಕ್ಕೆಂದು ಕೇಳಿದರು, ಅವಳು ನಿಜ ಹೇಳಿದಳು. ಸಹಿ ಹಾಕಿ, ಮುನ್ನೂರು ರೂಪಾಯಿ ತೆಗೆದುಕೊಂಡು, “ಚೆನ್ನಾಗಿ ಬರೀಮ್ಮ” ಎಂದು ಹರಸಿ ಕಳಿಸಿದರು.

ಅವಳ ಪಾಳಿ ಸಹೋದ್ಯೋಗಿಯೊಬ್ಬರ ಹೆಗಲಿಗೆ ಬಿತ್ತು. ಆಕೆಯ ಗಂಡ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬರುವವರು. ಐದು ವರ್ಷದ ಮಗು ಆ ಮೂರು ವಾರ ಪಕ್ಕದ ಮನೆಯಲ್ಲಿ ಉಂಡು ಅಲ್ಲೇ ನಿದ್ದೆ ಹೋಗುತ್ತಿತ್ತು; ಇವರು ರಾತ್ರಿ ಹನ್ನೊಂದಕ್ಕೆ ಬಂದು ಎತ್ತಿಕೊಂಡು ಹೋಗುತ್ತಿದ್ದರು. ಎರಡನೆಯ ಭಾನುವಾರ ಆಕೆ ಎಳನೀರು, ಬ್ರೆಡ್ಡು ಹಿಡಿದುಕೊಂಡು ರೋಗಿಯನ್ನು ನೋಡಲು ಪಿ.ಜಿ.ಗೆ ಹೋದರು. ಬಾಗಿಲು ತೆರೆದೇ ಇತ್ತು. ನೆಲದ ತುಂಬ ಮಾದರಿ ಪ್ರಶ್ನೆಪತ್ರಿಕೆ. ಹುಡುಗಿ “ಅಕ್ಕ” ಎಂದಷ್ಟೇ ಅಂದಳು. “ಹೇಳಿದ್ರೆ ನಾನೇ ಮಾಡ್ತಿರ್ಲಿಲ್ವಾ?” ಎಂದು ಕೇಳಿ ಆಕೆ ಎಳನೀರು ಇಟ್ಟು ಹೊರಟುಬಂದರು. ನಿಜ ಹೇಳಿದ್ದರೆ ಮಾಡುತ್ತಿದ್ದಿರಾ ಎಂದು ನಾನು ಆಮೇಲೆ ಕೇಳಿದೆ. ಸ್ವಲ್ಪ ಯೋಚಿಸಿ, “ಗೊತ್ತಿಲ್ಲ” ಎಂದರು. ನಾಲ್ವರಲ್ಲಿ ನನಗೆ ಹೆಚ್ಚು ವಿಶ್ವಾಸ ಹುಟ್ಟಿದ್ದು ಇವರ ಮೇಲೆ.

ಮೇ 4ರಂದು ಪರೀಕ್ಷೆ ನಡೆಯಿತು. ಆ ವರ್ಷದ ಭೌತಶಾಸ್ತ್ರ ಪತ್ರಿಕೆ ಬರೆದವರನ್ನೆಲ್ಲ ಅಳಿಸಿತು. ದೇಶದ ಮೊದಲ ಸ್ಥಾನದವರಿಗೇ 686 ಅಂಕ. ಇವಳಿಗೆ ಹಿಂದಿಗಿಂತ ಒಳ್ಳೆಯ ಅಂಕ ಬಂತು, ಸರ್ಕಾರಿ ಸೀಟಿಗೆ ಸಾಲುವಷ್ಟು ಬರಲಿಲ್ಲ. ಖಾಸಗಿ ಸೀಟಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಜೂನಿನಲ್ಲಿ ಸಹೋದ್ಯೋಗಿ ತಾವು ಮಾಡಿದ ಹೆಚ್ಚುವರಿ ಪಾಳಿಗೆ ಬದಲಿ ರಜೆ ಕೇಳಿದರು. ಕಾಯಿಲೆಯವರಿಗೆ ನೆರವಾಗುವುದು ಮಾನವೀಯತೆ, ಅದಕ್ಕೆ ಲೆಕ್ಕ ಕೇಳಬಾರದು ಎಂಬ ಉತ್ತರ ಬಂತು. ಸಿಟ್ಟಿನಲ್ಲಿ ನಿಜ ಹೊರಬಿತ್ತು. ವಿಚಾರಣೆಗೆ ಮೂವರ ಸಮಿತಿಯಾಯಿತು. ಅಧ್ಯಕ್ಷತೆ ಅದೇ ಮ್ಯಾನೇಜರದು. ಹುಡುಗಿ ತಪ್ಪೊಪ್ಪಿಕೊಂಡಳು, ಮಾರ್ಚಿನಲ್ಲಿ ಅವರು ಹೇಳಿಕೊಟ್ಟದ್ದನ್ನು ಮಾತ್ರ ಬಾಯಿಬಿಡಲಿಲ್ಲ. “ಅವರು ಒಳ್ಳೇದಕ್ಕೇ ಹೇಳಿದ್ದು ಸಾರ್” ಎಂದಳು ನನ್ನೊಡನೆ. ಮೂರು ವಾರದ ಸಂಬಳ ವಾಪಸು, ಒಂದು ವರ್ಷ ಇನ್‌ಕ್ರಿಮೆಂಟ್ ಇಲ್ಲ, ಕಡತದಲ್ಲೊಂದು ಎಚ್ಚರಿಕೆ ಪತ್ರ. ವೈದ್ಯರ ಮೇಲೆ ವೈದ್ಯಕೀಯ ಪರಿಷತ್ತಿಗೆ ದೂರು ಕೊಡೋಣವೆಂದು ಸಮಿತಿಯ ಒಬ್ಬರು ಸೂಚಿಸಿದರು. ಇನ್ನೊಬ್ಬರು ನಕ್ಕರು: “ಬೇಡಿ ಸಾರ್, ನಾಳೆ ನಮಗೂ ಬೇಕಾಗುತ್ತೆ.” ಅಲ್ಲಿಗೆ ಆ ವಿಷಯ ಮುಗಿಯಿತು.

ತೀರ್ಪು ಹೇಳುವುದು ಸುಲಭವಲ್ಲ. ಹುಡುಗಿ ಮೊದಲು ಸತ್ಯವನ್ನೇ ಹಿಡಿದು ಹೋದಳು, ಅದಕ್ಕೆ ರಜೆ ಸಿಗಲಿಲ್ಲ ಎನ್ನುವುದು ಅವಳ ಪರವಾದ ದೊಡ್ಡ ಮಾತು. ಆದರೆ ತನ್ನ ಪಾಳಿ ಯಾರ ಪಾಲಾಗುತ್ತದೆಂದು ಅವಳಿಗೆ ಗೊತ್ತಿತ್ತು. ಪಾಳಿಯ ಪಟ್ಟಿ ಗೋಡೆಯ ಮೇಲೇ ಇತ್ತು. ಕಚೇರಿಗೆ ಸುಳ್ಳು ಹೇಳಿದ್ದಕ್ಕಿಂತ ಆ ತಾಯಿಗೆ ಏನನ್ನೂ ಹೇಳದೆ ಇದ್ದದ್ದು ನನಗೆ ಭಾರವಾಗಿ ಕಾಣುತ್ತದೆ. ಮೇಲಾಗಿ ಅವಳು ಬಯಸಿದ್ದು ವೈದ್ಯೆಯಾಗಲು, ಅಂದರೆ ತನ್ನ ಒಂದು ಸಹಿಯನ್ನು ಜನ ನಂಬಬೇಕಾದ ವೃತ್ತಿಗೆ ಹೋಗಲು.

ಆ ಸಹಿಯ ಬಗ್ಗೆ ಕಾನೂನಿಗೆ ಸಂದೇಹವಿಲ್ಲ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳ ಪ್ರಕಾರ ಸುಳ್ಳು ಪ್ರಮಾಣಪತ್ರ ಕೊಡುವುದು ದುರ್ನಡತೆ. ನೋಂದಣಿಯಿಂದ ಹೆಸರು ತೆಗೆದುಹಾಕುವುದಕ್ಕೂ ಅವಕಾಶವಿದೆ. ಕೊಟ್ಟ ಪ್ರತಿ ಸರ್ಟಿಫಿಕೇಟಿಗೂ ವೈದ್ಯರು ರಿಜಿಸ್ಟರು ಇಡಬೇಕೆಂದೂ ಅದೇ ನಿಯಮ ಹೇಳುತ್ತದೆ. ವೈದ್ಯರು ಬಡ ಹುಡುಗಿಗೆ ಉಪಕಾರ ಮಾಡಿದೆನೆಂದೇ ತಿಳಿದಿರಬಹುದು. ಆ ಉಪಕಾರದ ಖರ್ಚು ಹೊತ್ತದ್ದು, ಅವರು ಕಂಡೇ ಇಲ್ಲದ ಒಂದು ಮನೆ. ಮ್ಯಾನೇಜರು ಆಗುತ್ತದೆ ಎನ್ನಬಹುದಿತ್ತು, ಆಗದು ಎನ್ನಬಹುದಿತ್ತು. ಎರಡೂ ಬಿಟ್ಟು ಸುಳ್ಳಿನ ದಾರಿ ತೋರಿಸಿ, ಆಮೇಲೆ ಆ ದಾರಿಯಲ್ಲಿ ನಡೆದವಳಿಗೆ ಶಿಕ್ಷೆ ಬರೆದರು. ನನ್ನ ಲೆಕ್ಕದಲ್ಲಿ ಇವರಿಬ್ಬರ ತಪ್ಪು ಅವಳದಕ್ಕಿಂತ ದೊಡ್ಡದು.

ಇನ್ನು ನಾವು. ಊರ ಜಾತ್ರೆಗೆ, ನಾದಿನಿಯ ಮದುವೆಗೆ, ಗೃಹಪ್ರವೇಶಕ್ಕೆ ನಮಗೆಲ್ಲ ಎಷ್ಟು ಸಲ ಜ್ವರ ಬಂದಿದೆ! ಕಾರಣ ಕೇಳುವ ಅಧಿಕಾರಿಗೂ ಗೊತ್ತು, ಬರೆಯುವ ನೌಕರನಿಗೂ ಗೊತ್ತು. ಹೀಗೆ ಎಲ್ಲರೂ ಒಪ್ಪಿ ನಡೆಸುವ ಸುಳ್ಳು ಸಿಕ್ಕಿಬಿದ್ದ ದಿನ, ಎಲ್ಲರಿಗಿಂತ ಕೆಳಗಿರುವವರೊಬ್ಬರು ಅದರ ಬೆಲೆ ತೆರುತ್ತಾರೆ.

ಇನ್ನೊಂದನ್ನೂ ಯೋಚಿಸಬೇಕು. ಈ ಹುಡುಗಿಗೆ ಸೀಟು ಸಿಕ್ಕಿದ್ದರೆ ಏನಾಗುತ್ತಿತ್ತು? ಕೆಲಸ ಮಾಡುತ್ತಲೇ ಓದಿ ಗೆದ್ದ ಗ್ರಾಮೀಣ ಪ್ರತಿಭೆ ಎಂದು ಫೋಟೋ ಸಮೇತ ಬರುತ್ತಿತ್ತು. ಮ್ಯಾನೇಜರು ಶಾಲು ಹೊದಿಸುತ್ತಿದ್ದರು. ವೈದ್ಯರು ಕ್ಲಿನಿಕ್ಕಿಗೆ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಆ ಸುದ್ದಿಯಲ್ಲಿ ಪಕ್ಕದ ಮನೆಯಲ್ಲಿ ಮಲಗಿದ್ದ ಮಗುವಿಗೆ ಒಂದು ಸಾಲೂ ಇರುತ್ತಿರಲಿಲ್ಲ. 22 ಲಕ್ಷಕ್ಕೂ ಹೆಚ್ಚು ಜನ ಹೆಸರು ನೋಂದಾಯಿಸುವ ಪರೀಕ್ಷೆಯಿದು. ಗೆದ್ದವರ ಕಥೆಗಳಲ್ಲಿ ಅವರ ಐದು ಗಂಟೆಯ ಬೆಳಗಿನ ವರ್ಣನೆ ಓದುತ್ತೇವೆ. ಅವರ ಪಾಲಿನ ಕೆಲಸವನ್ನು ಯಾರು ಮಾಡಿದರೆಂದು ಕೇಳುವುದಿಲ್ಲ. ಹಾಗೆ ಕೇಳದೆ ಇರುವುದನ್ನೇ ಪ್ರೋತ್ಸಾಹವೆಂದುಕೊಂಡಿದ್ದೇವೆ.

ಆ ಕಚೇರಿಯ ರಜೆ ಅರ್ಜಿಯ ನಮೂನೆ ಇಂದಿಗೂ ಹಾಗೆಯೇ ಇದೆ. 2025ರಲ್ಲಿ ನೀಟ್ ಅರ್ಜಿಗೆ ಕೊನೆಯ ದಿನ ಮಾರ್ಚ್ 7 ಆಗಿತ್ತು. ಪರೀಕ್ಷೆಗೆ ಇನ್ನೂ ಎಂಟು ವಾರವಿತ್ತು. ಒಬ್ಬರ ಬದಲಿಗೆ ಇನ್ನೊಬ್ಬರನ್ನು ಗೊತ್ತುಮಾಡಲು ಅಷ್ಟು ಸಮಯ ಸಾಕು. ಮೈಸೂರಿನ ಕಚೇರಿ, ಕಾರ್ಖಾನೆಗಳ ಮುಖ್ಯಸ್ಥರಲ್ಲಿ ನನ್ನ ಕೇಳಿಕೆ ಇಷ್ಟು: ಆ ನಮೂನೆಯಲ್ಲಿ ಸಂಬಳವಿಲ್ಲದ ಪರೀಕ್ಷಾ ರಜೆ ಎಂದು ಒಂದು ಕಾಲಂ ಸೇರಿಸಿ, ಹಾಗೆ ಉಳಿದ ಸಂಬಳವನ್ನು ಅವರ ಪಾಳಿ ಮಾಡಿದವರಿಗೆ ಕೊಡಿ.